ಎರಡು ಸಾವಿರ ರೂಪಾಯಿಯೂ ತಿಂಗಳ ತಾರೀಖೂ

ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಹಾಕುವ ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡಂದಿನಿಂದ ವಿಧಾನಮಂಡಲದ ಚರ್ಚೆಗಳಲ್ಲಿಯೂ, ಪತ್ರಿಕೆಗಳ ಅಂಕಣಗಳಲ್ಲಿಯೂ, ಸಂಬಳದ ದಿನ ತಪ್ಪದೆ ಸಂಬಳ ಪಡೆಯುವ ನಗರವಾಸಿಗಳ ಮಾತುಕತೆಗಳಲ್ಲಿಯೂ ಒಂದೇ ಆಕ್ಷೇಪ ನಾನಾ ರೂಪಗಳಲ್ಲಿ ಕೇಳಿಬರುತ್ತಿದೆ: ದುಡಿಯದೆ ಕೈಸೇರಿದ ಹಣವು ದುಡಿಯುವ ಮನಸ್ಸನ್ನೇ ಕೆಡಿಸುತ್ತದೆ, ಬಿಟ್ಟಿ ಭಾಗ್ಯಗಳಿಂದ ಹಳ್ಳಿಗಳು ಸೋಮಾರಿಗಳ ಬೀಡಾಗುತ್ತಿವೆ ಎಂಬುದು ಅದರ ಸಾರ. ಈ ಆಕ್ಷೇಪಕ್ಕೆ ಆಧಾರವಿಲ್ಲವೆಂದೂ, ಯೋಜನೆಯಲ್ಲಿ ನಿಜವಾಗಿ ಇರುವ ದೋಷವು ಹಣ ಕೊಡುವುದರಲ್ಲಿಲ್ಲ, ಹೇಳಿದ ದಿನಕ್ಕೆ ಕೊಡದಿರುವುದರಲ್ಲಿದೆಯೆಂದೂ ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ.

ಕಲಬುರಗಿಯ ಗಾಜಿಪುರದಂತಹ ಬಡಾವಣೆಯಲ್ಲಿ ಕುಳಿತು ಈ ವಾದವನ್ನು ಕೇಳುವುದು ಒಂದು, ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ದಾಟಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಆಚೀಚಿನ ಹಳ್ಳಿಗಳಲ್ಲಿ ಕೇಳುವುದು ಇನ್ನೊಂದು. ಈ ಜಿಲ್ಲೆಯ ಬಾಳೆಲ್ಲವೂ ತೊಗರಿಯ ಕಾಲಗತಿಗೆ ಬದ್ಧವಾದುದು. ಮುಂಗಾರಿನ ಹೊತ್ತಿಗೆ ಬೀಜ, ಗೊಬ್ಬರಗಳಿಗೆಂದು ಕೈಯಲ್ಲಿದ್ದುದೆಲ್ಲ ಮಣ್ಣಿಗೆ ಸೇರುತ್ತದೆ. ರಾಶಿಯಾಗಿ ರೊಕ್ಕ ಕಾಣಬೇಕಾದರೆ ಡಿಸೆಂಬರ್, ಜನವರಿ ಬರಬೇಕು. ನಡುವಣ ಆರು ತಿಂಗಳು ಮನೆಯಲ್ಲಿ ಜ್ವರ ಬರುವುದೂ ನಿಲ್ಲದು, ಮಕ್ಕಳ ಪಾಟಿಚೀಲದ ಖರ್ಚೂ ನಿಲ್ಲದು, ಉಣ್ಣುವ ಹೊಟ್ಟೆಗಳೂ ನಿಲ್ಲವು. ಅದರ ಮೇಲೆ ಒಂದು ವರ್ಷ ನೆಟೆ ರೋಗ, ಇನ್ನೊಂದು ವರ್ಷ ಹೊಲದಲ್ಲೆಲ್ಲ ನೀರು ನಿಲ್ಲಿಸುವ ಅತಿವೃಷ್ಟಿ. ಭೂಮಿಯಿಲ್ಲದವರಿಗೆ ಈ ಆರು ತಿಂಗಳಲ್ಲಿ ಕಳೆ ತೆಗೆಯುವ ಕೆಲವು ದಿನಗಳ ಕೂಲಿಯನ್ನು ಬಿಟ್ಟರೆ ಉಳಿಯುವ ದಾರಿ ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸವೇ. ಈ ಅವಧಿಯನ್ನು ದಾಟಿಸುವವರು ಇಬ್ಬರು: ಉದ್ರಿ ಕೊಡುವ ಕಿರಾಣಿ ಅಂಗಡಿಯವನು ಮತ್ತು ತಿಂಗಳಿಗೆ ನೂರಕ್ಕೆ ಮೂರೋ ಐದೋ ರೂಪಾಯಿ ಬಡ್ಡಿ ಹಿಡಿಯುವ ಸಾವಕಾರ. ಈಚಿನ ವರ್ಷಗಳಲ್ಲಿ ವಾರದ ಕಂತು ವಸೂಲಿಗೆ ಬಾಗಿಲಿಗೆ ಬರುವ ಮೈಕ್ರೊ ಫೈನಾನ್ಸಿನವರು ಮೂರನೆಯವರಾಗಿ ಸೇರಿದ್ದಾರೆ.

ಇಂತಹ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಬಿದ್ದರೆ ಏನಾಗುತ್ತದೆ? ಐಶ್ವರ್ಯವೇನೂ ಬರುವುದಿಲ್ಲ. ಐದು ಜನರ ಸಂಸಾರದಲ್ಲಿ ಅದು ತಲೆಗೆ ದಿನಕ್ಕೆ ಹದಿಮೂರು ರೂಪಾಯಿಯಷ್ಟಾಗುತ್ತದೆ. 2025–26ನೆಯ ಸಾಲಿಗೆ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿಯೆಂಬುದನ್ನು ನೆನೆದರೆ, ತಿಂಗಳ ಇಡೀ ಕಂತು ಐದೂವರೆ ದಿನದ ಕೂಲಿಗೆ ಸಮ. ಐದೂವರೆ ದಿನದ ಕೂಲಿಯನ್ನು ಪಡೆದವಳು ಉಳಿದ ಇಪ್ಪತ್ತೈದು ದಿನ ಕೈಕಟ್ಟಿ ಕುಳಿತಾಳೆಂದು ನಂಬುವವರು, ಆಕೆ ಬೆಳಗಿನ ಜಾವಕ್ಕೆ ಎದ್ದು ರೊಟ್ಟಿ ಬಡಿದು, ನೀರು ತುಂಬಿ, ದನದ ಸಗಣಿ ಬಾಚಿ, ಅನಂತರ ಹೊಲಕ್ಕೆ ಹೋಗುವುದನ್ನು ಒಂದು ದಿನವಾದರೂ ಕಂಡವರಲ್ಲ. ಆ ಹಣ ಮಾಡುವ ಕೆಲಸ ಬಹಳ ಸಣ್ಣದು, ಆದರೆ ನಿಶ್ಚಿತವಾದುದು: ಕಿರಾಣಿಯವನ ಪುಸ್ತಕದಲ್ಲಿ ಹಳೆಯ ಬಾಕಿಯ ಕೆಳಗೆ ಒಂದು ಗೆರೆ ಬೀಳುತ್ತದೆ, ಮಗುವಿನ ಜ್ವರಕ್ಕೆ ಔಷಧಿ ತರಲು ಕಿವಿಯ ಬೆಂಡೋಲೆಯನ್ನು ಒತ್ತೆಯಿಡಬೇಕಾಗುವುದಿಲ್ಲ, ಹೊಲದೊಡೆಯನ ಬಳಿ ಮುಂದಿನ ಸುಗ್ಗಿಯ ಕೂಲಿಯನ್ನು ಇಂದೇ ಅಗ್ಗಕ್ಕೆ ಮಾರಿ ಮುಂಗಡ ತರುವ ದೈನ್ಯ ತಪ್ಪುತ್ತದೆ. ‘ಆಳು ಸಿಗುತ್ತಿಲ್ಲ’ ಎಂಬ ದೊಡ್ಡ ಹಿಡುವಳಿದಾರರ ದೂರಿನ ಮರ್ಮವೂ ಇಲ್ಲಿಯೇ ಇದೆ. ಆಳು ಸಿಗದೆ ಇಲ್ಲ, ಹಿಂದಿನ ದರಕ್ಕೆ ಸಿಗುತ್ತಿಲ್ಲ. ಹಸಿವಿನ ಭಯದಿಂದ ಒಪ್ಪಿಕೊಳ್ಳುತ್ತಿದ್ದ ಕೂಲಿಯನ್ನು ಒಬ್ಬ ಹೆಂಗಸು ಇಂದು ಬೇಡವೆನ್ನಬಲ್ಲಳಾದರೆ ಅದನ್ನು ಆಲಸ್ಯವೆಂದು ಕರೆಯುವುದು ಅನ್ಯಾಯ.

ಶರಣರ ನಾಡಿನಲ್ಲಿ ಕಾಯಕತತ್ತ್ವಕ್ಕೆ ಅಪಚಾರವಾಗುತ್ತಿದೆಯೆಂದು ಕೆಲವು ಸಜ್ಜನರು ನೊಂದು ನುಡಿಯುವುದುಂಟು. ಅವರ ನೋವನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಶರಣರು ಕಾಯಕದೊಡನೆ ದಾಸೋಹವನ್ನೂ ಬೋಧಿಸಿದರು, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ. ಇದೇ ಕಲಬುರಗಿಯಲ್ಲಿ, 19ನೆಯ ಶತಮಾನದ ಆದಿಭಾಗದಲ್ಲಿ ಶರಣಬಸವೇಶ್ವರರು ನಡೆಸಿದ ದಾಸೋಹವನ್ನು ನೆನೆದು ಇಂದಿಗೂ ಲಕ್ಷಾಂತರ ಜನ ಅವರ ಗುಡಿಗೆ ನಡೆದುಬರುತ್ತಾರೆ. ಆ ಪಂಕ್ತಿಯಲ್ಲಿ ಕುಳಿತವನನ್ನು ‘ನೀನು ದುಡಿದು ಬಂದೆಯಾ’ ಎಂದು ಕೇಳುವ ಪದ್ಧತಿ ಎಂದೂ ಇದ್ದುದಿಲ್ಲ.

ಕೊಟ್ಟ ಹಣ ಕುಡಿತಕ್ಕೆ ಹೋಗುತ್ತದೆಂಬ ಶಂಕೆಯೂ ಪರೀಕ್ಷೆಗೆ ನಿಂತಿಲ್ಲ. 2011–12ರಲ್ಲಿ ‘ಸೇವಾ’ (SEWA) ಎಂಬ ಸ್ವಉದ್ಯೋಗಿ ಮಹಿಳೆಯರ ಸಂಘಟನೆಯು ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಯಾವ ಷರತ್ತೂ ಇಲ್ಲದೆ ಪ್ರತಿ ವಯಸ್ಕರಿಗೆ ಮೊದಲು ತಿಂಗಳಿಗೆ 200, ಬಳಿಕ 300 ರೂಪಾಯಿಗಳನ್ನು ಕೊಟ್ಟು ನೋಡಿತು. ಕುಡಿತ ಹೆಚ್ಚಲಿಲ್ಲ, ಊಟ ಸುಧಾರಿಸಿತು, ಸಾಲ ತಗ್ಗಿತು, ಸಣ್ಣ ರೈತರು ಪರರ ಹೊಲದ ಕೂಲಿಯನ್ನು ಬಿಟ್ಟು ತಮ್ಮ ಹೊಲದಲ್ಲಿ ಹೆಚ್ಚು ದುಡಿಯತೊಡಗಿದರು. ಅನೇಕ ದೇಶಗಳ ಇಂತಹ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಡೇವಿಡ್ ಇವಾನ್ಸ್, ಅನ್ನಾ ಪೊಪೋವಾ ಎಂಬ ಅರ್ಥಶಾಸ್ತ್ರಜ್ಞರು ಕಂಡದ್ದೂ ನಗದು ನೆರವಿನಿಂದ ಮದ್ಯ, ತಂಬಾಕುಗಳ ಖರ್ಚು ಏರುವುದಿಲ್ಲವೆಂಬುದನ್ನೇ. ರಾಜಕೀಯ ಪಕ್ಷಗಳಿಗಂತೂ ಇದು ತಿಳಿಯದ ಸಂಗತಿಯಲ್ಲ. 2022ರ ಜುಲೈಯಲ್ಲಿ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’ಯನ್ನು, ಎಂದರೆ ಬಿಟ್ಟಿ ಕೊಡುಗೆಗಳ ರಾಜಕಾರಣವನ್ನು, ಖಂಡಿಸಿದ ಮೇಲೆ ಅವರದೇ ಪಕ್ಷದ ಆಡಳಿತವಿದ್ದ ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ, ಮೈತ್ರಿ ಸರ್ಕಾರವಿದ್ದ ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್ ಎಂಬ, ‘ಮುದ್ದಿನ ತಂಗಿ’ಗೆ ತಿಂಗಳ ನಗದು ಕೊಡುವ ಯೋಜನೆಗಳು ಬಂದವು. ಒಂದು ರಾಜ್ಯದಲ್ಲಿ ತಂಗಿಗೆ ಕೊಟ್ಟ ಉಡುಗೊರೆಯಾದುದು ಇನ್ನೊಂದು ರಾಜ್ಯದಲ್ಲಿ ಖಜಾನೆಯ ಲೂಟಿಯಾಗಲಾರದು.

ಇದರೊಡನೆ ಸಮರ್ಥಕರ ಒಂದು ಅಭ್ಯಾಸವನ್ನೂ ನಾನು ಒಪ್ಪಲಾರೆ. ಎಲ್ಲಿಯೋ ಒಬ್ಬ ಅಜ್ಜಿ ಕಂತುಗಳನ್ನು ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದಳೆಂದೂ, ಇನ್ನೊಬ್ಬಳು ಹೊಲಿಗೆ ಯಂತ್ರ ಕೊಂಡಳೆಂದೂ ಮೆರೆಸುವ ಸುದ್ದಿಗಳು, ಆ ತಾಯಂದಿರಿಗೆ ಎಷ್ಟೇ ಗೌರವ ಸಲ್ಲಬೇಕಾದರೂ, ಬಡವಳು ಸಾಹಸ ಮಾಡಿ ತನ್ನ ಯೋಗ್ಯತೆಯನ್ನು ತೋರಿಸಿದರೆ ಮಾತ್ರ ನೆರವಿಗೆ ಅರ್ಹಳೆಂಬ ಭಾವನೆಯನ್ನು ಬಿತ್ತುತ್ತವೆ. ಎಣ್ಣೆ, ಬೇಳೆ, ಗುಳಿಗೆಗಳಿಗೆ ಖರ್ಚಾದ ಎರಡು ಸಾವಿರವೂ ಸಾರ್ಥಕವಾಗಿಯೇ ಖರ್ಚಾದುದು.

ಇನ್ನು ನಿಜವಾದ ದೋಷದ ವಿಷಯ. ಹೆಬ್ಬೆಟ್ಟಿನ ಯಂತ್ರವಿಟ್ಟುಕೊಂಡು ಕುಳಿತ ಬ್ಯಾಂಕ್ ಮಿತ್ರನ ಮುಂದೆ ತಿಂಗಳ ಕೊನೆಯಲ್ಲಿ ನಿಂತು ನೋಡಿದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಕುರುಪಿ ಹಿಡಿದು ಹಿಡಿದು ಗೆರೆಯೆಲ್ಲ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತಬೇಕು, ಇನ್ನೊಂದು ಬೆರಳನ್ನು ಒತ್ತಬೇಕು. ‘ರೊಕ್ಕ ಬಿದ್ದಾವೇನಪ್ಪ, ನೋಡು’ ಎಂದರೆ ‘ಇನ್ನಾ ಬಿದ್ದಿಲ್ಲ ಯವ್ವ, ಮುಂದಿನ ವಾರ ಬಾ’ ಎಂಬ ಉತ್ತರ. ಹೀಗೆ ಬಂದು ಹೋದ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಮಾರ್ಚಿನ ಕಂತು ಜೂನಿನಲ್ಲಿ ಬಂದರೆ ಲೆಕ್ಕಪುಸ್ತಕದಲ್ಲಿ ಮೊತ್ತ ಒಂದೇ ಆಗಬಹುದು. ಬಡವರ ಮನೆಯಲ್ಲಿ ಅದು ಒಂದೇ ಅಲ್ಲ, ಏಕೆಂದರೆ ನಡುವಣ ತಿಂಗಳುಗಳಲ್ಲಿ ಸಾವಕಾರನ ಬಳಿಗೆ ಹೋಗಿ ಬಂದಾಗಿರುತ್ತದೆ, ತಡವಾಗಿ ಬಂದ ಹಣ ಆ ಬಡ್ಡಿಗೆ ಸಂದುಹೋಗುತ್ತದೆ.

2025ರ ಫೆಬ್ರವರಿಯನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು. ಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಡುತ್ತಿದ್ದಾರೆಂಬ ಕಾರಣದಿಂದ ಸರ್ಕಾರವು ಆ ತಿಂಗಳ 12ರಂದು ಮೈಕ್ರೊ ಫೈನಾನ್ಸ್ ದಬ್ಬಾಳಿಕೆಯ ವಿರುದ್ಧ ಸುಗ್ರೀವಾಜ್ಞೆಯನ್ನು ಜಾರಿಗೆ ತಂದಿತು. ಅದೇ ಫೆಬ್ರವರಿಯ, ಮತ್ತು ಅದರ ಮುಂದಿನ ಮಾರ್ಚಿನ, ಗೃಹಲಕ್ಷ್ಮಿ ಕಂತುಗಳು ಫಲಾನುಭವಿಗಳಿಗೆ ಸೇರಿರಲಿಲ್ಲವೆಂಬುದು ಅದೇ ವರ್ಷದ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ವಿರೋಧ ಪಕ್ಷದವರು ಪಟ್ಟುಹಿಡಿದು ಕೇಳಿದ ಮೇಲೆ ಬಯಲಾಯಿತು, ಸಚಿವರು ವಿಷಾದ ವ್ಯಕ್ತಪಡಿಸಿದರು. ಸಾಲ ಕೊಟ್ಟವನ ಕೈಯನ್ನು ತಡೆಯುವ ಆಜ್ಞೆಗೆ ಅಂಕಿತ ಹಾಕಿಸಿದ ಆಡಳಿತವೇ ಆ ಸಾಲ ಬೇಡವಾಗಿಸಬಲ್ಲ ಹಣವನ್ನು ತಡೆಹಿಡಿದಿತ್ತೆಂದರೆ, ವಿಷಾದವೊಂದರಿಂದ ತೀರುವ ಸಂಗತಿಯಲ್ಲ ಅದು.

ನಗದು ಎಲ್ಲೆಡೆಯೂ ಧಾನ್ಯಕ್ಕಿಂತ ಮೇಲೆಂದು ನಾನು ವಾದಿಸುವುದಿಲ್ಲ. 2023ರ ಜೂನಿನಲ್ಲಿ ಕೇಂದ್ರವು ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ಅನ್ನಭಾಗ್ಯ ಪಡಿತರ ಯೋಜನೆಯ ಹೆಚ್ಚುವರಿ ಐದು ಕಿಲೊ ಅಕ್ಕಿಗೆ ಬದಲು ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಗಳನ್ನು ಖಾತೆಗೆ ಹಾಕುವ ಏರ್ಪಾಡಾಯಿತು. ಅಂಗಡಿಯಲ್ಲಿ ಅಕ್ಕಿಯ ಧಾರಣೆ ಏರುತ್ತಿದ್ದರೂ 170 ರೂಪಾಯಿ ಏರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದುದು ಯುಕ್ತವಾಯಿತು. ಬೆಲೆಯೊಡನೆ ಏರದ ನಗದು ವರ್ಷ ವರ್ಷಕ್ಕೆ ಸವೆಯುತ್ತದೆ, ಗೃಹಲಕ್ಷ್ಮಿಯ ಎರಡು ಸಾವಿರವೂ ಈ ಮಾತಿಗೆ ಹೊರತಲ್ಲ. ಹಾಗೆಯೇ, ಗೃಹಲಕ್ಷ್ಮಿ, ಅನ್ನಭಾಗ್ಯಗಳಂತಹ ಗ್ಯಾರಂಟಿ ಯೋಜನೆಗಳ ವೆಚ್ಚಕ್ಕೆ ಪರಿಶಿಷ್ಟ ಜಾತಿ ಹಾಗೂ ಬುಡಕಟ್ಟು ಉಪಯೋಜನೆಗಳ ಹಣವನ್ನು ಬಳಸುವುದನ್ನು ನಾನು ಸರ್ವಥಾ ವಿರೋಧಿಸುತ್ತೇನೆ. 2013ರ ಕಾಯ್ದೆಯ ಪ್ರಕಾರ ಆ ಹಣ ಆ ಸಮುದಾಯಗಳ ಏಳಿಗೆಗೆಂದೇ ಮೀಸಲು; ಎಲ್ಲರಿಗೂ ಸಿಗುವ ನೆರವನ್ನು ದಲಿತರಿಗೆ ಅವರದೇ ಪಾಲಿನಿಂದ ಕೊಟ್ಟರೆ ಅವರಿಗೆ ಕೊಟ್ಟಂತಾಗುವುದಿಲ್ಲ. ಗೃಹಲಕ್ಷ್ಮಿಯೊಂದಕ್ಕೇ ವರ್ಷಕ್ಕೆ 28 ಸಾವಿರ ಕೋಟಿ ರೂಪಾಯಿಗೂ ಮೀರುವ ಹೊರೆಗೆ ಬೇರೆ ಆದಾಯವನ್ನು ಹುಡುಕುವ ಕಷ್ಟ ಸರ್ಕಾರದ್ದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದರೂ ಶಿಕ್ಷಕರಿಗಾಗಿ, ವೈದ್ಯರಿಗಾಗಿ ಕಾಯುತ್ತಿರುವ ಇಲ್ಲಿಯ ಶಾಲೆ, ಆಸ್ಪತ್ರೆಗಳಿಂದ ಆ ಹಣವನ್ನು ಕಿತ್ತುಕೊಳ್ಳುವುದೂ ಸಲ್ಲದು.

ಆದುದರಿಂದ ನಾನು ಕೇಳುವುದು ಇಷ್ಟು. ಗೃಹಲಕ್ಷ್ಮಿಯನ್ನು ಸರ್ಕಾರಿ ಆದೇಶದ ಕೃಪೆಯಿಂದ ಬಿಡಿಸಿ, ವಿಧಾನಮಂಡಲದಲ್ಲಿ ಅಂಗೀಕೃತವಾದ ಕಾಯ್ದೆಯಾಗಿ ಮಾಡಬೇಕು. ಪ್ರತಿ ತಿಂಗಳ ಇಂಥ ತಾರೀಖಿಗೆ ಹಣ ಜಮೆಯಾಗತಕ್ಕದ್ದೆಂದು ಅದರಲ್ಲಿ ಬರೆದು, ತಪ್ಪಿದ ದಿನಗಳಿಗೆ ಬಡ್ಡಿ ಕೊಡುವ ಹೊಣೆಯನ್ನೂ ಸೇರಿಸಬೇಕು. ಯಾವ ಕಂತು ಯಾರಿಗೆ ಸಂದಿದೆ, ಯಾರಿಗೆ ಸಂದಿಲ್ಲ, ಏಕೆ ಸಂದಿಲ್ಲ ಎಂಬ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಪ್ರತಿ ತಿಂಗಳೂ ಇರಬೇಕು. ಮಗನ ರೇಷನ್ ಕಾರ್ಡಿನಲ್ಲಿ ಹೆಸರಿರುವ ಕಾರಣಕ್ಕೇ ಯಜಮಾನಿಯಾಗದೆ ಉಳಿದ ವಿಧವೆಯರನ್ನೂ, ಆಧಾರ್ ಜೋಡಣೆಯಲ್ಲಿ ಅಕ್ಷರ ವ್ಯತ್ಯಾಸವಾಗಿ ಹೊರಬಿದ್ದವರನ್ನೂ, ಗುಳೆ ಹೋಗಿ ಇ-ಕೆವೈಸಿ ತಪ್ಪಿಸಿಕೊಂಡವರನ್ನೂ ಅಧಿಕಾರಿಗಳೇ ಹುಡುಕಿಕೊಂಡು ಹೋಗಿ ಸೇರಿಸಿಕೊಳ್ಳಬೇಕು. ಕಲಬುರಗಿ, ಆಳಂದ, ಚಿಂಚೋಳಿಗಳ ಶಾಸಕರು ಯಾವ ಪಕ್ಷದವರೇ ಆಗಿರಲಿ, ಮುಂದಿನ ಅಧಿವೇಶನದಲ್ಲಿ ಈ ಕಾಯ್ದೆಯನ್ನು ಒಕ್ಕೊರಲಿನಿಂದ ಕೇಳಲಿ. ಕೇಳದವರನ್ನು ಊರಿಗೆ ಬಂದಾಗ ಮತದಾರರು ಪ್ರಶ್ನಿಸಲಿ.