ಅಡ್ಡವಿಟ್ಟ ಕೈ

ಗಣಿತದ ತರಗತಿಯಲ್ಲಿ ಎಡಗೈಯನ್ನು ಅಡ್ಡವಿಟ್ಟು ಲೆಕ್ಕ ಬಿಡಿಸುವ ಹುಡುಗನೊಬ್ಬ ಪ್ರತಿ ವರ್ಷವೂ ಇರುತ್ತಿದ್ದ. ಪಕ್ಕದವನು ನಕಲು ಮಾಡಿಯಾನೆಂಬ ಭಯ. ಎರಡನೆಯ ಹಂತದಲ್ಲೇ ಚಿಹ್ನೆ ತಪ್ಪಿದ್ದು ಆ ಕೈಯ ದೆಸೆಯಿಂದ ನನ್ನ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಂಥ ಶಿಷ್ಯನೊಬ್ಬ ಮೂರು ವರ್ಷಗಳ ಹಿಂದೆ ಮನೆಗೆ ಬಂದಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಶಾಲೆಗಳಿಗಾಗಿ ಆ್ಯಪ್ ಒಂದನ್ನು ತಯಾರಿಸುತ್ತಿರುವೆನೆಂದ. ಏನದು ಎಂದು ಕೇಳಿದರೆ, “ಬಿಡುಗಡೆಯಾಗುವ ತನಕ ಹೇಳುವಂತಿಲ್ಲ ಸಾರ್, ಐಡಿಯಾ ಕದ್ದುಬಿಡುತ್ತಾರೆ” ಎಂದು ನಕ್ಕ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ನಾನು ಅದನ್ನು ಕದ್ದು ಏನು ಮಾಡಬಲ್ಲೆನೋ ಕಾಣೆ! ಒಂದೂವರೆ ವರ್ಷದ ಬಳಿಕ ಆ್ಯಪ್ ಹೊರಬಂತು. ಶಿಕ್ಷಕರು ಮಕ್ಕಳ ಅಂಕಗಳನ್ನು ಮೊಬೈಲಿನಲ್ಲಿ ತುಂಬಿಸಬೇಕಂತೆ. ಆ ಅಂಕಗಳನ್ನು ಅವರು ಹೇಗೂ ಇಲಾಖೆಯ ಎಸ್.ಎ.ಟಿ.ಎಸ್. ತಂತ್ರಾಂಶಕ್ಕೆ ತುಂಬಿಸಲೇಬೇಕು. ಒಂದೇ ಕೆಲಸವನ್ನು ಎರಡು ಸಲ ಮಾಡುವವರಾರು? ಈ ಮಾತನ್ನು ನಾನು ಅಂದೇ, ಕಾಫಿ ಆರುವುದರೊಳಗೆ ಹೇಳಿರುತ್ತಿದ್ದೆ. ಅವನು ಅದಕ್ಕೆ ಸುರಿದದ್ದು ತಂದೆಯ ನಿವೃತ್ತಿಯ ಹಣ.

ಗುಟ್ಟಿನ ಪರವಾಗಿ ವಾದಿಸುವವರು ಕಾನೂನನ್ನು ಮುಂದಿಡುತ್ತಾರೆ. ಕೃತಿಸ್ವಾಮ್ಯವಿರುವುದು ಅಭಿವ್ಯಕ್ತಿಗೇ ಹೊರತು ಕಲ್ಪನೆಗಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಕೊಡುವುದಿಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡಿರಿ ಎಂಬುದು ಅವರ ತೀರ್ಮಾನ. ನಿಜವಾದ ಆವಿಷ್ಕಾರಕ್ಕೆ ಪೇಟೆಂಟ್ ಬಯಸುವವನು ಅರ್ಜಿ ಸಲ್ಲಿಸುವ ತನಕ ಮೌನವಾಗಿರಲಿ, ಒಪ್ಪುವೆ. ತಾನು ಬರೆದ ಕೋಡನ್ನು ಬೀದಿಯಲ್ಲಿ ಹರಡೆಂದೂ ನಾನು ಹೇಳುತ್ತಿಲ್ಲ. ಆದರೆ ಅಂಕಪಟ್ಟಿಯನ್ನು ಮೊಬೈಲಿಗೆ ತರುವ ಯೋಚನೆ ಯಾವ ಆವಿಷ್ಕಾರ? ನಮ್ಮ ಶಿಕ್ಷಕರ ಕೊಠಡಿಯಲ್ಲೇ ಹತ್ತು ಮಂದಿಗೆ ಅದು ಹೊಳೆದಿತ್ತು. ಮಾಡಿ ಮುಗಿಸುವ ದುಡಿಮೆ ಮಾತ್ರ ಯಾರಿಗೂ ಬೇಕಿರಲಿಲ್ಲ.

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಬಿಡುಗಡೆಗೂ ಮುನ್ನವೇ ಸಾರಿದ. ಮಿನಿಕ್ಸ್ ಬಳಸುತ್ತಿದ್ದವರನ್ನು, ಅದರಲ್ಲಿ ನಿಮಗೆ ಹಿಡಿಸಿದ್ದೇನು, ಹಿಡಿಸದ್ದೇನು ಎಂದೂ ಕೇಳಿದ. ಯಾರೂ ಕದ್ದೊಯ್ಯಲಿಲ್ಲ, ಬದಲಿಗೆ ನೆರವಿಗೆ ಬಂದರು. ಇಂದು ನಮ್ಮ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದು ಆ ಲಿನಕ್ಸೇ. ಅದು ವ್ಯಾಪಾರವಾಗಿರಲಿಲ್ಲ ಎನ್ನುವಿರಾದರೆ ಡ್ರಾಪ್‌ಬಾಕ್ಸ್ ನೋಡಿ. ಡ್ರೂ ಹ್ಯೂಸ್ಟನ್ 2007ರಲ್ಲೇ ಅದರ ವಿಡಿಯೋ ತೋರಿಸಿ ಪರಿಣತರ ಟೀಕೆಗೆ ಒಡ್ಡಿದ. ಸಾರ್ವಜನಿಕರಿಗೆ ಅದು ತೆರೆದದ್ದು 2008ರಲ್ಲಿ.

ಮುಂಗಡ ಪ್ರಚಾರದಿಂದ ಕೆಟ್ಟವರೂ ಇದ್ದಾರೆ. ಹೊಸ ಮಾದರಿಯ ಸುದ್ದಿ ಹಬ್ಬಿದೊಡನೆ ಹಳೆಯದರ ಮಾರಾಟ ಕುಸಿದು 1983ರಲ್ಲಿ ದಿವಾಳಿಯಾದ ಆಸ್‌ಬಾರ್ನ್ ಕಂಪ್ಯೂಟರ್ ಕಂಪನಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕಂಪನಿಗೆ ಮಾರಲು ಹಳೆಯ ಸರಕಾದರೂ ಇತ್ತು. ನನ್ನ ಶಿಷ್ಯನ ಬಳಿ ಏನಿತ್ತು?

ಮೊನ್ನೆ ಅವನು ಮತ್ತೆ ಬಂದಿದ್ದ. ಹೊಸದೊಂದು ಯೋಜನೆಯಂತೆ. ಏನೆಂದು ಕೇಳಿದೆ. ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಬೇಕಾದ ಕಾಗದವನ್ನು ಚೀಲದಿಂದ ತೆಗೆದ. ಹಾಗಾದರೂ ಹೇಳಲಿ ಎಂದು ಕನ್ನಡಕ ತರಿಸಿಕೊಂಡು ಸಹಿ ಹಾಕಿದೆ.