ದುರಂತದ ನೆನಪಿಗೆ ವಾದ್ಯ: ಔಚಿತ್ಯದ ಪ್ರಶ್ನೆ

ನನ್ನ ಅಣ್ಣನ ಮಗ ಗಿಟಾರ್ ನುಡಿಸುತ್ತಾನೆ. ಕೆಲವು ವಾರಗಳ ಹಿಂದೆ ಮನೆಗೆ ಬಂದವನು ತನ್ನ ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ವಿದೇಶದ ದುರಂತವೊಂದರ ಸ್ಮರಣಾರ್ಥ ತಯಾರಿಸಿದ ಗಿಟಾರ್ ಅದು. ಮೈಮೇಲೆ ದಿನಾಂಕದ ಕೆತ್ತನೆ, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ, ಜೊತೆಗೆ ಸಹಿ ಮಾಡಿದ ಪ್ರಮಾಣಪತ್ರ. ಬೆಲೆ ಸಾಮಾನ್ಯ ಗಿಟಾರಿನ ಹಲವು ಪಟ್ಟು. ‘ಚಿಕ್ಕಪ್ಪ, ಇದನ್ನು ಮೆಚ್ಚಬೇಕೋ ಹೇಸಬೇಕೋ ನನಗೆ ತಿಳಿಯುತ್ತಿಲ್ಲ’ ಎಂದ. ‘ಹೇಸಬೇಕು’ ಎಂದು ನಾನು ತಟ್ಟನೆ ಹೇಳಿಬಿಟ್ಟೆ. ‘ಹಾಗಾದರೆ ಹಿಟ್ಲರನ ಕಾಲದ ಯಾತನಾ ಶಿಬಿರಗಳಿಂದ ಉಳಿದು ಬಂದ ಪಿಟೀಲುಗಳನ್ನು ವೇದಿಕೆಯ ಮೇಲೆ ನುಡಿಸುತ್ತಾರಲ್ಲ, ಅದು?’ ಎಂದು ಅವನು ಕೇಳಿದ. ತಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇದು ಅವರವರ ಅಭಿರುಚಿಗೆ ಬಿಟ್ಟ ವಿಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕಿಂತ ನಿಷ್ಠುರವಾದ ಪದವೊಂದಿದೆ: ಔಚಿತ್ಯ. 11ನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಅದರ ಮೇಲೆಯೇ ಒಂದು ಗ್ರಂಥ ಬರೆದ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಅದು ಎಷ್ಟೇ ಬೆಲೆಬಾಳಲಿ, ನಗೆಪಾಟಲಾಗುತ್ತದೆ ಎಂಬುದು ಅವನ ವಾದದ ತಿರುಳು. ವಸ್ತು ಸುಂದರವೇ ಎಂಬುದಕ್ಕಿಂತ, ಅದು ಎಲ್ಲಿದೆ, ಯಾರ ಕೈಯಲ್ಲಿದೆ, ಯಾವ ಸಂದರ್ಭಕ್ಕೆ ಸಲ್ಲುತ್ತದೆ ಎಂಬುದು ಮುಖ್ಯ. ಸ್ಮಾರಕ ವಾದ್ಯಗಳನ್ನೂ ಈ ಒರೆಗಲ್ಲಿಗೇ ಉಜ್ಜಿ ನೋಡಬೇಕು.

ಮೊದಲು ಮಾರುಕಟ್ಟೆಯ ಉದಾಹರಣೆಯೊಂದನ್ನು ನೋಡೋಣ. 1912ರ ಏಪ್ರಿಲ್ 15ರಂದು ಟೈಟಾನಿಕ್ ಹಡಗು ಮುಳುಗಿದಾಗ ಅದರ ವಾದ್ಯವೃಂದದ ಎಂಟೂ ಮಂದಿ ಜಲಸಮಾಧಿಯಾದರು. ವೃಂದದ ನಾಯಕ ವ್ಯಾಲೇಸ್ ಹಾರ್ಟ್ಲಿಗೆ ಆತ ಮದುವೆಯಾಗಲಿದ್ದ ಮರಿಯಾ ರಾಬಿನ್‌ಸನ್ ನಿಶ್ಚಿತಾರ್ಥದ ಕಾಣಿಕೆಯಾಗಿ ಕೊಟ್ಟಿದ್ದ ಪಿಟೀಲು 2013ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಹರಾಜಿಗೆ ಬಂದು 9 ಲಕ್ಷ ಪೌಂಡುಗಳಿಗೆ ಹೋಯಿತು. ಬಿರುಕು ಬಿಟ್ಟ ಆ ಪಿಟೀಲನ್ನು ಇನ್ನು ಯಾರೂ ನುಡಿಸಲಾರರು. ಅದರ ಪಕ್ಕದಲ್ಲಿ ಇನ್ನೊಂದು ಕಾಗದವನ್ನೂ ಇಟ್ಟು ನೋಡಬೇಕು. ಆ ವಾದಕರು ಹಡಗು ಕಂಪನಿಯ ನೇರ ನೌಕರರಾಗಿರಲಿಲ್ಲ. ಏಜೆನ್ಸಿಯೊಂದರ ಮೂಲಕ ಬಂದವರು. ನಮ್ಮ ಇಂದಿನ ಭಾಷೆಯಲ್ಲಿ ಹೇಳುವುದಾದರೆ ಹೊರಗುತ್ತಿಗೆಯವರು. ಅವರಲ್ಲಿ 21 ವರ್ಷದ ಜಾನ್ ಹ್ಯೂಮ್ ಎಂಬಾತನ ತಂದೆಗೆ, ಮಗ ಸತ್ತು ಎರಡು ವಾರ ಕಳೆಯುವಷ್ಟರಲ್ಲಿ ಆ ಏಜೆನ್ಸಿಯಿಂದ ಒಂದು ಪತ್ರ ಬಂತು. ಮಗನ ಸಮವಸ್ತ್ರದ ಬಾಕಿ ತೀರಿಸಬೇಕೆಂದು ಅದರಲ್ಲಿತ್ತು. ಬದುಕಿದ್ದಾಗ ಭದ್ರತೆಯಿಲ್ಲ, ಸತ್ತಾಗ ಗುಂಡಿಯ ಲೆಕ್ಕ. ನೂರು ವರ್ಷಗಳ ನಂತರ ವಾದ್ಯಕ್ಕೆ ದಾಖಲೆಯ ಬೆಲೆ. ಈ ಹಣದಲ್ಲಿ ಗೌರವ ಯಾರಿಗೆ ಸಂದಿತು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ಇಲ್ಲೊಂದು ಮೂಲಭೂತ ವಿರೋಧಾಭಾಸ ಕಾಣುತ್ತದೆ. ಕ್ರಮಸಂಖ್ಯೆ ಹಾಕಿದ ವಸ್ತುವಿಗೆ ಬೆಲೆ ಬರುವುದು ಅದು ಇತರರ ಬಳಿ ಇಲ್ಲ ಎಂಬ ಕಾರಣಕ್ಕೆ. ನೆನಪಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಸತ್ತವರನ್ನು ನಾನು ನೆನೆದರೆ ನಿಮ್ಮ ಪಾಲಿನ ನೆನಪು ಕಡಿಮೆಯಾಗುವುದಿಲ್ಲ. ಹೆಚ್ಚು ಜನ ನೆನೆದಷ್ಟೂ ಅದು ಗಟ್ಟಿಯಾಗುತ್ತದೆ. ಬೀದಿದೀಪದ ಬೆಳಕಿನಂತೆ ಅದೊಂದು ಸಾರ್ವಜನಿಕ ಸರಕು. ಇಂಥ ಸರಕನ್ನು ಕೊರತೆಯ ಸರಕಾಗಿ ಪರಿವರ್ತಿಸಿ ಮಾರಿದಾಗ ಕೊಂಡವನ ಗೋಡೆಗೆ ಅಲಂಕಾರ ಸಿಗುತ್ತದೆ, ಸ್ಮರಣೆ ಕಿರಿದಾಗುತ್ತದೆ. ‘ಲಾಭದ ಒಂದು ಪಾಲು ಸಂತ್ರಸ್ತರಿಗೆ ಹೋಗುತ್ತದಲ್ಲ’ ಎಂಬ ಸಮರ್ಥನೆ ಬರುತ್ತದೆ. ಹೋಗುವುದಾದರೆ ಒಳ್ಳೆಯದೇ. ಎಷ್ಟು ಪಾಲು, ಯಾರಿಗೆ, ತಲುಪಿತೇ ಎಂಬುದನ್ನು ಪ್ರಕಟಿಸಿದರೆ ಅದನ್ನು ದಾನವೆಂದು ಕರೆಯೋಣ. ಆದರೆ ದಾನ ಮಾಡಲು ಗಿಟಾರಿನ ಮೈಮೇಲೆ ಸಾವಿನ ದಿನಾಂಕ ಕೆತ್ತಬೇಕಾಗಿಲ್ಲ.

ಈಗ ನನ್ನ ಅಣ್ಣನ ಮಗ ಕೇಳಿದ ಪಿಟೀಲುಗಳ ವಿಷಯಕ್ಕೆ ಬರೋಣ. ಟೆಲ್ ಅವೀವ್ ನಗರದ ಪಿಟೀಲು ತಯಾರಕ ಆಮ್ನೋನ್ ವೈನ್‌ಸ್ಟೈನ್ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ನಾಜಿ ನರಮೇಧದಲ್ಲಿ ಅವರ ನೂರಾರು ಬಂಧುಗಳು ಹತರಾಗಿದ್ದರು. ಆ ಕಾಲದ ಯೆಹೂದಿಗಳು ನುಡಿಸುತ್ತಿದ್ದ ಪಿಟೀಲುಗಳನ್ನು ಅವರೂ ಅವರ ಮಗನೂ ಹುಡುಕಿ, ದುರಸ್ತಿ ಮಾಡಿ, ಮತ್ತೆ ನುಡಿಯುವಂತೆ ಮಾಡಿದರು. 2008ರಲ್ಲಿ ಜೆರುಸಲೇಮಿನಲ್ಲಿ ಅವುಗಳ ಕಛೇರಿ ನಡೆಯಿತು. ನಂತರ ಯುರೋಪು, ಅಮೆರಿಕಗಳ ಹಲವು ನಗರಗಳಿಗೆ ಅವು ಸಂಚರಿಸಿದವು. ಆಶ್‌ವಿಟ್ಜ್ ಶಿಬಿರದಲ್ಲಿ ಕೈದಿಗಳ ವಾದ್ಯವೃಂದವಿತ್ತು. ಕೂಲಿಗೆ ಹೊರಡುವ, ಹಿಂದಿರುಗುವ ಕೈದಿಗಳ ಸಾಲಿಗೆ ಅವರು ನಡಿಗೆಯ ತಾಳ ನುಡಿಸಬೇಕಾಗಿತ್ತು. ಅಂಥ ಕಡೆ ಹಿಂಸೆಯ ಸಾಧನವಾಗಿದ್ದ ಸಂಗೀತವನ್ನು ಅಲ್ಲಿಂದ ಬಿಡಿಸಿ ತರುವ ಕೆಲಸ ಇದು. ವೈನ್‌ಸ್ಟೈನ್ ದುರಸ್ತಿ ಮಾಡಲು ಒಪ್ಪದ ಒಂದು ಪಿಟೀಲೂ ಇತ್ತು. ಹಿಂದೊಮ್ಮೆ ರಿಪೇರಿಗೆಂದು ಅದನ್ನು ಬಿಚ್ಚಿದ ಯಾರೋ ಒಳಗಡೆ ಸ್ವಸ್ತಿಕವನ್ನೂ ಹಿಟ್ಲರನ ಜಯಕಾರವನ್ನೂ 1936ರ ಇಸವಿಯನ್ನೂ ಬರೆದು ಮತ್ತೆ ಮುಚ್ಚಿದ್ದ. ಒಡೆಯನಿಗೆ ತಿಳಿಯದಂತೆ ಅವನ ವಾದ್ಯದ ಹೊಟ್ಟೆಯಲ್ಲಿ ಅಡಗಿದ್ದ ದ್ವೇಷ ಅದು. ಆ ಪಿಟೀಲು ನುಡಿಯಬಾರದೆಂದು ಅವರು ತೀರ್ಮಾನಿಸಿದರು. ಯಾವುದು ನುಡಿಯಬೇಕು, ಯಾವುದು ಮೌನವಾಗಿರಬೇಕು ಎಂಬ ಈ ವಿವೇಚನೆಗೇ ನಾನು ಔಚಿತ್ಯ ಎನ್ನುತ್ತೇನೆ.

ಜಪಾನಿನಲ್ಲಿ 2011ರ ಮಾರ್ಚ್ 11ರ ಸುನಾಮಿಯ ನಂತರ ಎರಡು ಬೇರೆಬೇರೆ ದಾರಿಗಳು ಕಂಡುಬಂದವು. ರಿಕುಜೆನ್‌ತಕಾತಾ ಪಟ್ಟಣದ ಕಡಲತೀರದಲ್ಲಿದ್ದ ಸುಮಾರು 70,000 ಪೈನ್ ಮರಗಳಲ್ಲಿ ಒಂದು ಮಾತ್ರ ನಿಂತು ಉಳಿಯಿತು. ಮುನೆಯುಕಿ ನಕಜಾವಾ ಎಂಬ ಕುಶಲಕರ್ಮಿ ಸುನಾಮಿಯ ಅವಶೇಷಗಳಲ್ಲಿ ಸಿಕ್ಕ ಮರದಿಂದ ಪಿಟೀಲು ಮಾಡಿದರು. ಪಿಟೀಲಿನ ಮೇಲುಹಲಗೆಗೂ ತಳಹಲಗೆಗೂ ನಡುವೆ ಒಳಗೆ ಒಂದು ಪುಟ್ಟ ಕಡ್ಡಿ ನಿಂತಿರುತ್ತದೆ. ಅದಿಲ್ಲದೆ ನಾದ ತುಂಬಿಬರುವುದಿಲ್ಲ. ಜಪಾನೀಯರು ಅದನ್ನು ‘ಆತ್ಮದ ಕಂಬ’ ಎನ್ನುತ್ತಾರೆ. ಆ ಕಡ್ಡಿಯನ್ನು ನಕಜಾವಾ ಉಳಿದ ಒಂಟಿ ಮರದ ತುಂಡಿನಿಂದ ಮಾಡಿದರು. ಹೊರಗಿನಿಂದ ನೋಡಿದವರಿಗೆ ಅದು ಕಾಣದು. 2012ರಲ್ಲಿ, ವರ್ಷ ತುಂಬಿದ ದಿನ, ಅದೇ ಊರಿನಲ್ಲಿ ಹಿರಿಯ ವಾದಕ ಈವ್ರಿ ಗಿಟ್ಲಿಸ್ ಅದನ್ನು ಮೊದಲು ನುಡಿಸಿದರು. ಸಾವಿರ ಮಂದಿ ವಾದಕರು ಒಬ್ಬರಾದ ಮೇಲೊಬ್ಬರು ಅದನ್ನು ನುಡಿಸಬೇಕೆಂಬುದು ನಂತರದ ಸಂಕಲ್ಪ. ಒಂದೇ ವಾದ್ಯ, ಸಾವಿರ ಕೈಗಳು: ಕ್ರಮಸಂಖ್ಯೆಯ ಗಿಟಾರಿನ ಲೆಕ್ಕಕ್ಕೆ ಇದು ನೇರ ವಿರುದ್ಧ. ಇನ್ನೊಂದೆಡೆ ಸಂಗೀತಕಾರ ರ್ಯೂಯಿಚಿ ಸಕಾಮೊಟೊ ಶಾಲೆಯೊಂದರಲ್ಲಿ ಸುನಾಮಿಯ ನೀರಿನಲ್ಲಿ ಮುಳುಗಿ ಕೆಟ್ಟ ಪಿಯಾನೋವನ್ನು ಶ್ರುತಿಗೊಳಿಸದೆ, ಇದ್ದ ಹಾಗೆಯೇ ತಮ್ಮ 2017ರ ಆಲ್ಬಮಿನಲ್ಲಿ ಬಳಸಿದರು. ಒಬ್ಬರು ಅವಶೇಷದಿಂದ ಹೊಸದನ್ನು ಕಟ್ಟಿದರು, ಇನ್ನೊಬ್ಬರು ಗಾಯವನ್ನು ಗಾಯವಾಗಿಯೇ ಕೇಳಿಸಿದರು. ಎರಡೂ ನನಗೆ ಉಚಿತವೆನಿಸುತ್ತವೆ. ಏಕೆಂದರೆ ಇಬ್ಬರೂ ನಡೆದದ್ದನ್ನು ಮರೆಮಾಚಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ದಶಕಗಳ ಹಿಂದೆ ನಾನು ಸೇವೆಯಲ್ಲಿದ್ದ ಜಿಲ್ಲೆಯೊಂದರಲ್ಲಿ ದೋಣಿ ಮಗುಚಿ ಒಂದೇ ಊರಿನ ಹಲವರು ಸತ್ತರು. ಸ್ಮಾರಕಶಿಲೆ ನಿಲ್ಲಿಸಲು ಸಮಿತಿಯಾಯಿತು. ಅದರ ಹೊಣೆ ನನ್ನ ಮೇಲೆ ಬಿತ್ತು. ಮೂರು ಸಭೆಗಳು ನಡೆದವು. ಅಡಿಗಲ್ಲು ಹಾಕಿದವರು, ಅನಾವರಣ ಮಾಡಿದವರು, ಘನ ಉಪಸ್ಥಿತಿ, ಅಧ್ಯಕ್ಷತೆ ಇವುಗಳ ಕ್ರಮ ಯಾವುದೆಂಬುದೇ ಚರ್ಚೆಯ ಬಹುಭಾಗವಾಗಿತ್ತು. ಗಣ್ಯರ ಹೆಸರುಗಳಿಗೆ ಜಾಗ ಕೊಟ್ಟ ಮೇಲೆ ಸತ್ತವರ ಪಟ್ಟಿಗೆ ಕಲ್ಲು ಸಾಲಲಿಲ್ಲ. ನಾಲ್ಕೈದು ಹೆಸರು ಕೆತ್ತಿಸಿ, ಕೊನೆಗೆ ‘ಹಾಗೂ ಇತರರು’ ಎಂದು ಮುಗಿಸಿದೆವು. ಕಡತಕ್ಕೆ ಸಹಿ ಹಾಕಿದವನು ನಾನೇ. ಸಮಾರಂಭ ಮುಗಿದ ಮೇಲೆ ಓದಲು ಬಾರದ ಹೆಂಗಸೊಬ್ಬಳು ಕಲ್ಲಿನ ಮೇಲೆ ಕೈಯಾಡಿಸುತ್ತ, ‘ನಮ್ ಹುಡ್ಗನ ಹೆಸ್ರು ಎಲ್ಲೈತೆ ಸ್ವಾಮಿ?’ ಎಂದು ಕೇಳಿದಳು. ನಾನು ಆ ಕೊನೆಯ ಸಾಲನ್ನು ತೋರಿಸಿದೆ. ಅವಳು ಆ ಅಕ್ಷರಗಳನ್ನು ಮುಟ್ಟಿ ನಮಸ್ಕರಿಸಿದಳು. ಅವು ಅವಳ ಮಗನ ಹೆಸರಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಸ್ಮಾರಕವೊಂದರ ವಿವರ ಓದಿದಾಗ ಆ ಘಟನೆ ನೆನಪಾಯಿತು. 2001ರ ಸೆಪ್ಟೆಂಬರ್ 11ರಂದು ಅಪಹರಣಕಾರರನ್ನು ಎದುರಿಸಿ 93ನೇ ಸಂಖ್ಯೆಯ ವಿಮಾನದಲ್ಲಿ ಮಡಿದ ಪ್ರಯಾಣಿಕರು ಮತ್ತು ಸಿಬ್ಬಂದಿ ಒಟ್ಟು 40 ಮಂದಿ. ಅವರ ನೆನಪಿಗೆ 2018ರಲ್ಲಿ ಸಮರ್ಪಿತವಾದ ‘ದನಿಗಳ ಗೋಪುರ’ದ ಎತ್ತರ 93 ಅಡಿ. ಗಾಳಿ ಬೀಸಿದಾಗ ನುಡಿಯುವ 40 ಘಂಟೆಗಳು ಅದರಲ್ಲಿವೆ. ಒಂದೊಂದಕ್ಕೂ ಪ್ರತ್ಯೇಕ ಸ್ವರ. ಗೋಪುರವೇ ಒಂದು ವಾದ್ಯ. ಅದನ್ನು ಯಾರೂ ಕೊಂಡು ಮನೆಗೆ ಒಯ್ಯಲಾರರು, ಕೇಳಲು ಯಾರಿಗೂ ಅಡ್ಡಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ‘ಇತರರು’ ಎಂಬ ಘಂಟೆಯಿಲ್ಲ.

ಇಷ್ಟಾದರೂ ನನ್ನನ್ನು ಕಾಡುವ ಒಂದು ಉದಾಹರಣೆ ಉಳಿದಿದೆ. ಆಫ್ರಿಕಾ, ಏಷ್ಯಾಗಳಿಂದ ವಲಸಿಗರು ಮೆಡಿಟರೇನಿಯನ್ ಸಮುದ್ರ ದಾಟಿ ಬಂದ ದೋಣಿಗಳು ಇಟಲಿಯ ಲ್ಯಾಂಪಡೂಸಾ ದ್ವೀಪದಲ್ಲಿ ರಾಶಿ ಬಿದ್ದಿರುತ್ತವೆ. ಆ ಮರದಿಂದ ಮಿಲಾನ್ ಬಳಿಯ ಓಪೆರಾ ಸೆರೆಮನೆಯ ಕೈದಿಗಳು ಪಿಟೀಲು ಮೊದಲಾದ ವಾದ್ಯಗಳನ್ನು ಮಾಡಿದರು. 2024ರ ಫೆಬ್ರುವರಿ 12ರಂದು ಹೆಸರಾಂತ ಲಾ ಸ್ಕಾಲಾ ರಂಗಮಂದಿರದಲ್ಲಿ ‘ಸಮುದ್ರದ ವಾದ್ಯವೃಂದ’ ಎಂಬ ಹೆಸರಿನಲ್ಲಿ ಅವು ನುಡಿದವು. ಕೈದಿಗಳಿಗೆ ಕಸುಬು, ಕಸವಾಗಲಿದ್ದ ಮರಕ್ಕೆ ನಾದ, ಸತ್ತವರಿಗೆ ಸ್ಮರಣೆ, ಒಪ್ಪಿಕೊಳ್ಳದಿರಲು ಕಾರಣವೇನು? ಕಾರಣವಿದೆ. ವೈನ್‌ಸ್ಟೈನರ ಪಿಟೀಲುಗಳ ದುರಂತ ಮುಗಿದು ದಶಕಗಳಾಗಿವೆ. ಸುನಾಮಿಗೆ ಮನುಷ್ಯ ಹೊಣೆಯಲ್ಲ. ಆದರೆ ಈ ಸಮುದ್ರದ ಸಾವುಗಳು ನಿಂತಿಲ್ಲ. ಅಂತರರಾಷ್ಟ್ರೀಯ ವಲಸೆ ಸಂಘಟನೆಯ ಲೆಕ್ಕದಂತೆ 2014ರಿಂದೀಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತ ಅಥವಾ ಕಾಣೆಯಾದ ವಲಸಿಗರು 30,000ಕ್ಕೂ ಹೆಚ್ಚು. ದೋಣಿ ತಡೆಯುವ ನೀತಿಗಳನ್ನು ಒಪ್ಪಿಕೊಂಡ ಸಮಾಜವೇ ದೋಣಿಯ ಮರದ ಸಂಗೀತಕ್ಕೆ ಕಣ್ಣೀರು ಹಾಕಿ ಮನೆಗೆ ಹೋದರೆ, ಆ ಕಣ್ಣೀರು ಪಾಪಪರಿಹಾರದ ಅಗ್ಗದ ದಾರಿಯಾಗುವುದಿಲ್ಲವೇ?

ಈ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೂ ಆ ಪಿಟೀಲುಗಳು ಇರಬೇಕೆಂದೇ ನನ್ನ ಅಭಿಮತ. ಅವುಗಳ ಮರದ ಮೇಲೆ ದೋಣಿಯ ಹಳೆಯ ಬಣ್ಣವನ್ನು ಹಾಗೆಯೇ ಉಳಿಸಿದ್ದಾರೆ. ಕೇಳುಗ ಕಣ್ಣು ಮುಚ್ಚಿದರೆ ಸಂಗೀತ, ತೆರೆದರೆ ದೋಣಿ. ಅಂಕಿಅಂಶದ ವರದಿ ತಲುಪದ ಸಭಾಂಗಣಕ್ಕೆ ಅವು ತಲುಪಿವೆ. ಅಲ್ಲಿಂದ ಮುಂದಿನ ಹೊಣೆ ವಾದ್ಯದ್ದಲ್ಲ, ಕೇಳಿದವರದ್ದು.

ಹಾಗಾದರೆ ಔಚಿತ್ಯದ ಅಳತೆ ಯಾವುದು? ಮೂರು ಪ್ರಶ್ನೆಗಳು ಸಾಕೆಂದು ನನಗನಿಸುತ್ತದೆ. ಸತ್ತವರು ಅಥವಾ ಅವರ ಕಡೆಯವರು ಆ ವಾದ್ಯದಲ್ಲಿ ಹೆಸರಿನಿಂದಲೋ ಒಪ್ಪಿಗೆಯಿಂದಲೋ ಪಾಲುದಾರರಾಗಿದ್ದಾರೆಯೇ? ಅದು ಎಲ್ಲರಿಗೂ ಕೇಳುವಂತೆ ನುಡಿಯುತ್ತದೆಯೇ, ಅಥವಾ ಯಾರದೋ ಕಪಾಟಿನಲ್ಲಿ ಬೆಲೆ ಏರುವುದನ್ನು ಕಾಯುತ್ತ ಕೂತಿದೆಯೇ? ‘ಇದು ಏಕಾಯಿತು, ಯಾರು ಹೊಣೆ?’ ಎಂಬ ಪ್ರಶ್ನೆಯನ್ನು ಅದರ ದನಿ ಎಬ್ಬಿಸುತ್ತದೆಯೇ, ಮಲಗಿಸುತ್ತದೆಯೇ? ಮೊದಲ ಎರಡಕ್ಕೆ ಉತ್ತರ ಸರಿಯಿದ್ದು ಮೂರನೆಯದರಲ್ಲಿ ಅನುಮಾನವಿದ್ದರೆ ಕಾದು ನೋಡಬಹುದು. ಮೂರರಲ್ಲೂ ಸೋತ ವಾದ್ಯವನ್ನು ಸ್ಮಾರಕವೆನ್ನದೆ ಸರಕು ಎಂದು ಕರೆಯುವುದೇ ಪ್ರಾಮಾಣಿಕತೆ.

ಇದನ್ನೆಲ್ಲ ಅಣ್ಣನ ಮಗನಿಗೆ ಹೇಳಿದೆ. ಅವನು ಆ ಗಿಟಾರ್ ಕೊಳ್ಳುವವನೇನೂ ಆಗಿರಲಿಲ್ಲ. ಆದರೆ ಬೇರೆಯವರ ವಾದ್ಯಗಳ ಔಚಿತ್ಯ ಅಳೆದವನು ತನ್ನ ಕಲ್ಲನ್ನು ಹಾಗೆಯೇ ಬಿಡುವಂತಿಲ್ಲ. ಬಿಟ್ಟುಹೋದ ಹೆಸರುಗಳನ್ನು ಇನ್ನೊಂದು ಕಲ್ಲಿನ ಮೇಲಾದರೂ ಕೆತ್ತಿಸಬೇಕೆಂದು, ಖರ್ಚನ್ನು ನಾನೇ ಭರಿಸುವುದಾಗಿ ತಿಳಿಸಿ, ಆ ಜಿಲ್ಲೆಯ ಈಗಿನ ಅಧಿಕಾರಿಗಳಿಗೆ ಕಳೆದ ವಾರ ಪತ್ರ ಬರೆದಿದ್ದೇನೆ. ಹೆಸರುಗಳಿಗಾಗಿ ಅವರು ಹುಡುಕಾಡಬೇಕಾಗಿಲ್ಲ. ಪರಿಹಾರಧನ ವಿತರಿಸಿದ ಪಟ್ಟಿಯಲ್ಲಿ ಒಂದೂ ಬಿಡದಂತೆ ಎಲ್ಲವೂ ಇವೆ. ಅಲ್ಲಿ ‘ಹಾಗೂ ಇತರರು’ ಎಂದು ಬರೆಯಲು ಲೆಕ್ಕಪರಿಶೋಧಕರು ಬಿಡುವುದಿಲ್ಲ.