ಗೋಡೆಗೆ ತೂಗುಹಾಕಿದ ವಾಕರ್



ನಾನು ಗುಂಡ್ಲುಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿದ್ದಾಗ, ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗನೊಬ್ಬ ಎಂಟನೆಯ ತರಗತಿಗೆ ಸೇರಿದ. ತಂದೆ ದಿನವೂ ಸೈಕಲ್ಲಿನಲ್ಲಿ ಕರೆತಂದು, ಎತ್ತಿ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದರು. ಆಟದ ಗಂಟೆ ಹೊಡೆದೊಡನೆ ಮಕ್ಕಳೆಲ್ಲ ಮೈದಾನಕ್ಕೆ ಓಡುವರು. ಅವನು ಅವರ ಚೀಲಗಳನ್ನು ಕಾಯುವನು. 'ಪಾಪ, ಕುಳಿತಿರಲಿ' ಎಂದು ನಾನು ಸುಮ್ಮನಿದ್ದೆ. ಅದನ್ನೇ ದಯೆಯೆಂದು ಭಾವಿಸಿದ್ದೆ.

ಒಮ್ಮೆ ಅವರ ಮನೆಗೆ ಹೋದಾಗ ಗೋಡೆಯ ಮೊಳೆಗೆ ವಾಕರೊಂದು ತೂಗುತ್ತಿತ್ತು. ಹಿಂದೆಂದೋ ಶಿಬಿರದಲ್ಲಿ ಕೊಟ್ಟದ್ದು. "ಈಗ ಅವನಿಗೆ ಗಿಡ್ಡವಾಗಿದೆ ಮೇಷ್ಟ್ರೇ, ಬಗ್ಗಿ ಬಗ್ಗಿ ಸೊಂಟ ನೋವಂತೆ" ಎಂದರು ತಾಯಿ. ನಿವೃತ್ತನಾದ ಮೇಲೆ ಚಾಮರಾಜನಗರದಲ್ಲಿ ಫಿಜಿಯೋಥೆರಪಿಸ್ಟ್ ಒಬ್ಬರು ಅಂಥದೇ ವಾಕರಿನ ಕಾಲಿನಲ್ಲಿದ್ದ ಗುಂಡಿಯನ್ನೊತ್ತಿ, ಒಳಕೊಳವೆಯನ್ನೆಳೆದು ಎತ್ತರಿಸಿದ್ದನ್ನು ಕಂಡೆ. ನಾಲ್ಕು ಕಾಲಿಗೂ ಸೇರಿ ಎರಡು ನಿಮಿಷದ ಕೆಲಸ. ಅಂದು ನಮ್ಮಲ್ಲಿ ಯಾರೂ ಆ ಗುಂಡಿಯನ್ನು ಒತ್ತಿ ನೋಡಿರಲಿಲ್ಲ.

ಸೆರೆಬ್ರಲ್ ಪಾಲ್ಸಿಯಲ್ಲಿ ಎಳೆಯ ಮೆದುಳಿಗಾದ ಹಾನಿ ಹೆಚ್ಚುತ್ತ ಹೋಗುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಮೂಳೆ ನೀಳವಾಗುತ್ತದೆ, ಬಿಗಿದ ಸ್ನಾಯು ಅದಕ್ಕೆ ಸಮನಾಗಿ ಬೆಳೆಯದು. ಗಿಡ್ಡ ವಾಕರು ಸೊಂಟ ಮಂಡಿಗಳನ್ನು ಇನ್ನಷ್ಟು ಬಾಗಿಸುತ್ತದೆ. ಮಗು ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು. ಹಿಡಿದಾಗ ಮೊಣಕೈ ಕೊಂಚವೇ ಬಾಗಬೇಕು. ಮುಂದಕ್ಕೆ ತಳ್ಳುವ ವಾಕರಿನಲ್ಲಿ ಬಾಗಿ ನಡೆಯುವ ಅನೇಕ ಮಕ್ಕಳು, ಬೆನ್ನ ಹಿಂದೆ ಎಳೆದುಕೊಂಡು ಬರುವ ವಾಕರಿನಲ್ಲಿ ಹೆಚ್ಚು ನೆಟ್ಟಗೆ ನಡೆಯುತ್ತಾರೆ. ಎಲ್ಲರಿಗೂ ನಡಿಗೆ ಸಾಧ್ಯವಾಗದು; ಕೆಲವರಿಗೆ ಗಾಲಿಕುರ್ಚಿಯೇ ನಿಜವಾದ ಸ್ವಾತಂತ್ರ್ಯ. ಅದನ್ನು ನಿರ್ಧರಿಸಬೇಕಾದವರು ತಜ್ಞರು. ಶಿಬಿರದ ದಾಸ್ತಾನಿನಲ್ಲಿ ಏನು ಉಳಿದಿದೆ ಎಂಬುದಲ್ಲ.

ಅಂಗವಿಕಲರಿಗೆ ಸಾಧನ ಸಲಕರಣೆ ನೀಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಷ್ಟು ಹಳೆಯದು. 2014ರ ಪರಿಷ್ಕೃತ ನಿಯಮಗಳು ದೊಡ್ಡವರಿಗೆ ಮೂರು ವರ್ಷಗಳ ಅಂತರವನ್ನು ವಿಧಿಸಿದರೂ, 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷದ ಅಂತರ ಸಾಕೆಂದವು. ಮಕ್ಕಳು ಬೆಳೆಯುತ್ತಾರೆಂಬುದನ್ನು ನಿಯಮ ಬರೆದವರು ಮರೆತಿರಲಿಲ್ಲ, ಮರೆತವರು ನಾವು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ಕೊಟ್ಟ ದಿನದ ಛಾಯಾಚಿತ್ರಕ್ಕಿಂತ ಆರು ತಿಂಗಳ ನಂತರದ ಅಳತೆ ದೊಡ್ಡದು. ಜೂನ್ ತಿಂಗಳಲ್ಲಿ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗಲೇ ವಾಕರಿನ ಅಳತೆಯನ್ನೂ ನೋಡಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಕಷ್ಟ ಬಲ್ಲವರು. ಅವರಿಗೂ ಶಿಕ್ಷಕರಿಗೂ ಈ ಸಣ್ಣ ವಿದ್ಯೆಯನ್ನು ಕಲಿಸಿದರೆ, ಗುಂಡಿಯೊತ್ತುವಷ್ಟರ ಕೆಲಸಕ್ಕಾಗಿ ಗುಂಡ್ಲುಪೇಟೆಯ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಸುಮಾರು 35 ಕಿ.ಮೀ. ದೂರದ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಾಗದು.

ನಿಮ್ಮಲ್ಲಿ ಶಿಕ್ಷಕರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ. ನಿಮ್ಮೂರಿನ ಯಾವ ಮನೆಯ ಗೋಡೆಯಲ್ಲಿ ವಾಕರ್ ತೂಗುತ್ತಿದೆಯೆಂದು ಒಮ್ಮೆ ವಿಚಾರಿಸಿ. ಶಾಲೆಯ ಹೊಸಿಲಿಗೊಂದು ಇಳಿಜಾರು ಹಾಕಿಸಿ. ಆಟದ ಗಂಟೆ ಹೊಡೆದಾಗ ಆ ಮಗುವನ್ನೂ ಹೊರಗೆ ಕರೆಯಿರಿ, ಬರುವುದು ತಡವಾದರೂ ಕಾಯಿರಿ.

ಆ ಹುಡುಗ ಮೂರು ವರ್ಷ ಅದೇ ಬೆಂಚಿನಲ್ಲಿ ಕುಳಿತು ಹತ್ತನೆಯ ತರಗತಿ ಮುಗಿಸಿದ. ಇದನ್ನು ಅವನು ಓದುತ್ತಿದ್ದರೆ, ಅವನ ಮೇಷ್ಟ್ರು ಕ್ಷಮೆ ಕೇಳುತ್ತಿದ್ದಾರೆ.